ಉಬ್ಬರಕ್ಕೆ ಐರೋಲಿ, ಇಳಿತಕ್ಕೆ ಜುಹೂ: ಮಕ್ಕಳ ಜೊತೆ ಮುಂಬಯಿಯಲ್ಲಿ ಒಂದು ದಿನ

ಊರಿಂದ ನೆಂಟರು ಬಂದರೆ ಮುಂಬಯಿ ಕನ್ನಡಿಗರ ಮನೆಗಳಲ್ಲಿ ಹೆಚ್ಚುಕಡಿಮೆ ಒಂದೇ ಪಟ್ಟಿ ತಯಾರಾಗುತ್ತದೆ. ಗೇಟ್‌ವೇ, ಮಹಾಲಕ್ಷ್ಮಿ, ಸಿದ್ಧಿವಿನಾಯಕ, ಸಂಜೆಗೆ ಜುಹೂ. ಜುಹೂಗೆ ಹೋಗಿ ಭೇಲ್ ತಿಂದು, ನಾಲ್ಕು ಫೋಟೊ ತೆಗೆದು ಎಲ್ಲರೂ ವಾಪಸ್. ಕಾಲ ಕೆಳಗಿನ ಒದ್ದೆ ಮರಳಿನಲ್ಲಿ ಏನೇನು ಓಡಾಡುತ್ತಿದೆ ಎಂದು ಯಾರೂ ಬಗ್ಗಿ ನೋಡುವುದಿಲ್ಲ. ಮಕ್ಕಳು ನೋಡುತ್ತಾರೆ, ಆದರೆ ಅಷ್ಟರಲ್ಲಿ ನಾವು ಅವರ ಕೈ ಹಿಡಿದು ಎಳೆದುಕೊಂಡು ಹೊರಟಿರುತ್ತೇವೆ.

ಇಲ್ಲಿ ಹೇಳುತ್ತಿರುವುದು ಬೇರೆ ತರಹದ ದಿನ. ಮಧ್ಯಾಹ್ನದವರೆಗೆ ನವಿ ಮುಂಬಯಿಯ ಐರೋಲಿಯಲ್ಲಿರುವ ಕರಾವಳಿ ಮತ್ತು ಸಾಗರ ಜೀವವೈವಿಧ್ಯ ಕೇಂದ್ರ. ಅಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡು ನೋಡಬಹುದು, ದೋಣಿ ಹತ್ತಿ ಫ್ಲೆಮಿಂಗೊ ಹಕ್ಕಿ ನೋಡಬಹುದು. ಸಂಜೆಗೆ ಜುಹೂ. ಖರ್ಚು ಜಾಸ್ತಿ ಇಲ್ಲ, ಲೋಕಲ್ ಟ್ರೈನಿನಲ್ಲೇ ಆಗುತ್ತದೆ. ಒಂದೇ ಷರತ್ತು: ದಿನ ಆರಿಸುವುದು ನಿಮ್ಮ ಅನುಕೂಲ ನೋಡಿ ಅಲ್ಲ, ಸಮುದ್ರದ ಅನುಕೂಲ ನೋಡಿ. ನೀರು ಏರಿದಾಗ ಐರೋಲಿಯಲ್ಲಿರಬೇಕು, ಇಳಿದಾಗ ಜುಹೂನಲ್ಲಿರಬೇಕು. ಇದೊಂದು ಸರಿಹೋದರೆ ಉಳಿದದ್ದೆಲ್ಲ ಸುಲಭ.

ಮೊದಲು ಕ್ಯಾಲೆಂಡರ್ ತೆಗೆಯಿರಿ

ಗೋಡೆಯ ಮೇಲಿನ ಕಾಲನಿರ್ಣಯವೇ ಸಾಕು. ಹುಣ್ಣಿಮೆ, ಅಮಾವಾಸ್ಯೆ ಯಾವತ್ತು ಎಂದು ನೋಡಿ. ಅದರ ಹಿಂದಿನ ದಿನ, ಆ ದಿನ, ಮರುದಿನ. ಈ ಮೂರರಲ್ಲಿ ಯಾವುದು ಶನಿವಾರವೋ ಭಾನುವಾರವೋ ಬರುತ್ತದೆ, ಅದಕ್ಕೆ ಗುರುತು ಹಾಕಿ.

ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ, ಚಂದ್ರ, ಭೂಮಿ ಒಂದೇ ಗೆರೆಗೆ ಬರುತ್ತವೆ. ಎರಡರ ಸೆಳೆತವೂ ಕೂಡಿಕೊಂಡು ನೀರು ತುಂಬಾ ಮೇಲೇರುತ್ತದೆ, ಅಷ್ಟೇ ಕೆಳಗೂ ಇಳಿಯುತ್ತದೆ. ಮುಂಬಯಿ ದಂಡೆಯಲ್ಲಿ ಅಂಥ ದಿನಗಳಲ್ಲಿ ಏರಿಳಿತದ ಅಂತರ ನಾಲ್ಕು ಮೀಟರಿನ ಹತ್ತಿರ ಬರುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಈ ಆಟ ಅಷ್ಟಿಲ್ಲ. ನೀರು ಪೂರ್ತಿ ಏರುವುದೂ ಇಲ್ಲ, ಪೂರ್ತಿ ಇಳಿಯುವುದೂ ಇಲ್ಲ.

ಈಗ ಗಂಟೆಯ ಲೆಕ್ಕ. ದಿನಕ್ಕೆ ಎರಡು ಉಬ್ಬರ, ಎರಡು ಇಳಿತ. ಉಬ್ಬರಕ್ಕೂ ಇಳಿತಕ್ಕೂ ನಡುವೆ ಆರು ಗಂಟೆ ಚಿಲ್ಲರೆ. ಪ್ರತಿದಿನವೂ ಸಮಯ ಮುಕ್ಕಾಲು ಗಂಟೆಯಷ್ಟು ಮುಂದೆ ಹೋಗುತ್ತದೆ. ಕೊಂಕಣ ದಂಡೆಯ ಹಳಬರ ಲೆಕ್ಕ ತುಂಬಾ ಸರಳ. ತಿಥಿಯ ಸಂಖ್ಯೆಯನ್ನು ಮುಕ್ಕಾಲರಿಂದ ಗುಣಿಸಿದರೆ ಉಬ್ಬರದ ಗಂಟೆ ಸಿಗುತ್ತದೆ. ಅಷ್ಟಮಿ ಅಂದರೆ ಎಂಟು, ಉಬ್ಬರ ಸುಮಾರು 6 ಗಂಟೆಗೆ. ಹುಣ್ಣಿಮೆ ಅಂದರೆ ಹದಿನೈದು, ಉಬ್ಬರ ಸುಮಾರು 11.15ಕ್ಕೆ. ಅಮಾವಾಸ್ಯೆಗೂ ಹದಿನೈದೇ. ಅರ್ಧ, ಒಂದು ಗಂಟೆ ಆಚೀಚೆ ಆಗುತ್ತದೆ, ಆದರೂ ಅಂದಾಜಿಗೆ ಇದು ಎಷ್ಟು ಚೆನ್ನಾಗಿ ಕೆಲಸ ಮಾಡುತ್ತದೆ ನೋಡಿ. ಮಕ್ಕಳ ಕೈಯಲ್ಲೇ ಈ ಗುಣಾಕಾರ ಮಾಡಿಸಿ. ಆಕಾಶದ ಚಂದ್ರ ನೋಡಿ ಸಮುದ್ರದ ಗಂಟೆ ಹೇಳಬಹುದು ಅನ್ನೋದು ಅವರಿಗೆ ದೊಡ್ಡ ಸಂಗತಿ.

ಹುಣ್ಣಿಮೆಗೆ ಉಬ್ಬರ ಹನ್ನೊಂದು, ಹನ್ನೆರಡರ ನಡುವೆ ಅಂದರೆ ಇಳಿತ ಸಂಜೆ ಐದೂವರೆ, ಆರರ ಸುಮಾರಿಗೆ. ಬೆಳಗಿನ ಹೊತ್ತು ದೋಣಿಗೆ ನೀರು, ಸಂಜೆ ನಡೆಯುವುದಕ್ಕೆ ಮರಳು. ಮುಂಬಯಿಯ ಸಮುದ್ರ ಸಂಸಾರವಂದಿಗರಿಗೆ ಹೇಳಿ ಮಾಡಿಸಿದ ಹಾಗಿದೆ.

ಅಂದಾಜು ಆದ ಮೇಲೆ ಸರಿಯಾದ ಪಟ್ಟಿ ನೋಡಲೇಬೇಕು. ಪೇಪರಿನಲ್ಲಿ, ಫೋನಿನಲ್ಲಿ ಮುಂಬಯಿಯ ಉಬ್ಬರ-ಇಳಿತದ ಸಮಯ ಸಿಗುತ್ತದೆ. ಗಂಟೆಯ ಪಕ್ಕದಲ್ಲಿ ಮೀಟರಿನ ಅಂಕಿಯೂ ಇರುತ್ತದೆ, ಅದನ್ನು ಬಿಡಬೇಡಿ. ಸಂಜೆಯ ಇಳಿತ ಒಂದು ಮೀಟರಿಗಿಂತ ಕಡಿಮೆ ಇದ್ದರೆ ಚೆನ್ನ. ಅರ್ಧ ಮೀಟರಿಗಿಂತ ಕಡಿಮೆ ಇದ್ದರೆ ಆ ದಿನ ಬಿಡಲೇಬೇಡಿ. ದಿನದ ಎರಡು ಇಳಿತಗಳಲ್ಲಿ ಮಳೆಗಾಲದಲ್ಲಿ ಬೆಳಗಿನದು ಜಾಸ್ತಿ ಕೆಳಗಿಳಿಯುತ್ತದೆ, ಚಳಿಗಾಲದಲ್ಲಿ ಸಂಜೆಯದು. ನಮಗೆ ಬೇಕಾದದ್ದು ಚಳಿಗಾಲವೇ.

ಯಾಕೆಂದರೆ ಫ್ಲೆಮಿಂಗೊಗಳು ಬರುವುದೂ ಆಗಲೇ. ಮಳೆ ನಿಂತ ಮೇಲೆ ನವೆಂಬರ್ ಹೊತ್ತಿಗೆ ಒಂದೊಂದೇ ಗುಂಪು ಇಳಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಥಾಣೆ ಖಾಡಿ, ಅಂದರೆ ನೆಲದೊಳಗೆ ಚಾಚಿದ ಸಮುದ್ರದ ಕವಲು, ಅವುಗಳಿಂದ ತುಂಬಿರುತ್ತದೆ. ಮೇ ಕೊನೆಗೆ ಹೊರಟು ಹೋಗುತ್ತವೆ. ಏಪ್ರಿಲ್, ಮೇ ತಿಂಗಳಲ್ಲಿ ನಡು ಮಧ್ಯಾಹ್ನದ ದೋಣಿ ಅಂದರೆ ವಯಸ್ಸಾದವರಿಗೆ ಕಷ್ಟ, ಹಾಗಾಗಿ ಶಾಲೆಯ ದೊಡ್ಡ ರಜೆಗೆ ಕಾಯಬೇಡಿ. ಜನವರಿ, ಫೆಬ್ರವರಿಯ ಒಂದು ಭಾನುವಾರ ಸಾಕು. ಡಿಸೆಂಬರಿನಲ್ಲಿ ಹೋದರೆ ಹುಣ್ಣಿಮೆ ಅಥವಾ ಅದರ ಹಿಂದಿನ ದಿನ ಆರಿಸಿ. ಆಗ ಆರು ಗಂಟೆಗೆಲ್ಲ ಸೂರ್ಯ ಮುಳುಗುತ್ತಾನೆ, ಇಳಿತ ತಡವಾದರೆ ಕತ್ತಲಲ್ಲಿ ಏನೂ ಕಾಣುವುದಿಲ್ಲ.

ಬುಕಿಂಗ್, ಬುತ್ತಿ, ಚೀಲ

ದೋಣಿಯ ಸೀಟು ಮೊದಲೇ ಬುಕ್ ಮಾಡಬೇಕು. ಹೋಗಿ ನೋಡೋಣ ಅಂದರೆ ಭಾನುವಾರ ಸಿಗುವುದಿಲ್ಲ. ದೋಣಿ ಬಿಡುವ ಗಂಟೆ ದಿನದಿನಕ್ಕೂ ಬದಲಾಗುತ್ತದೆ, ಯಾಕೆಂದರೆ ಕೇಂದ್ರದವರೂ ಉಬ್ಬರ ನೋಡಿಯೇ ಬಿಡುವುದು. ಬುಕ್ ಮಾಡುವಾಗ ಮೂರು ವಿಷಯ ಕೇಳಿ: ಆ ದಿನದ ದೋಣಿ ಎಷ್ಟು ಗಂಟೆಗೆ, ಎಷ್ಟು ಮೊದಲು ಬಂದಿರಬೇಕು, ವಾರದ ರಜೆ ಯಾವತ್ತು. ಎರಡು ಮೂರು ಹೊತ್ತು ಇದ್ದರೆ ನೀರು ತುಂಬಿ ತುಳುಕುವ ಹೊತ್ತಿನದು ಬೇಡ, ಅದಕ್ಕಿಂತ ಮೊದಲಿನದನ್ನೋ ನಂತರದ್ದನ್ನೋ ತೆಗೆದುಕೊಳ್ಳಿ. ಕಾರಣ ಮುಂದೆ ಹೇಳುತ್ತೇನೆ.

ಭಾನುವಾರ ಹೋಗುವುದಾದರೆ ಶನಿವಾರವೇ ಮೆಗಾ ಬ್ಲಾಕ್ (ಹಳಿ ರಿಪೇರಿಗೆಂದು ಲೋಕಲ್ ನಿಲ್ಲಿಸುವುದು) ಎಲ್ಲಿ, ಯಾವ ಲೈನಿನಲ್ಲಿ ಎಂದು ನೋಡಿಕೊಳ್ಳಿ. ಮುಂಬಯಿಯಲ್ಲಿ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಆದರೆ ಪ್ರವಾಸದ ಸಡಗರದಲ್ಲಿ ಮರೆತುಹೋಗುವುದು ಇದೇ.

ಚೀಲಕ್ಕೆ: ಎಲ್ಲರಿಗೂ ಟೋಪಿ, ತಲೆಗೊಂದು ನೀರಿನ ಬಾಟಲಿ, ಮಕ್ಕಳಿಗೆ ಒಂದು ಜೊತೆ ಬಟ್ಟೆ, ಟವೆಲ್, ಒದ್ದೆಯಾದರೂ ಕಾಲಿಂದ ಕಳಚದ ಹಿಂಬದಿ ಪಟ್ಟಿಯ ಚಪ್ಪಲಿ. ಹವಾಯಿ ಚಪ್ಪಲಿ ಕೆಸರಿನಲ್ಲೇ ಉಳಿಯುತ್ತದೆ. ದುರ್ಬೀನು ಇದ್ದರೆ ಕಡ್ಡಾಯವಾಗಿ ತನ್ನಿ, ಪಕ್ಕದ ಮನೆಯಲ್ಲಿದ್ದರೆ ಕೇಳಿ ತನ್ನಿ. ಒಂದು ಭೂತಗನ್ನಡಿಯೂ ಇರಲಿ, ಸಂಜೆಗೆ ಬೇಕು.

ಊಟ ಕಟ್ಟಿಕೊಂಡೇ ಹೋಗಿ ಅನ್ನುವುದು ನನ್ನ ಸಲಹೆ. ಚಪಾತಿ, ಒಣ ಪಲ್ಯ, ಚಿತ್ರಾನ್ನ, ಗಟ್ಟಿಯಾಗಿ ಕಲಸಿದ ಮೊಸರನ್ನ. ಕಟ್ಟಿಕೊಂಡು ಹೋಗಲು ಆಗದವರು ಥಾಣೆ ಸ್ಟೇಷನ್ ಸುತ್ತಲಿನ ಯಾವುದಾದರೂ ಉಡುಪಿ ಹೋಟೆಲಿನಲ್ಲಿ ರೈಸ್ ಪ್ಲೇಟ್ ಊಟ ಮಾಡಬಹುದು. ಹೇಗೂ ಮಧ್ಯಾಹ್ನ ಆ ದಾರಿಯಲ್ಲೇ ಬರುವುದು.

ಐರೋಲಿಗೆ

ಡೊಂಬಿವಲಿ, ಕಲ್ಯಾಣ್, ಮುಲುಂಡ್, ಘಾಟ್‌ಕೋಪರ್ ಕಡೆಯವರು ಥಾಣೆಗೆ ಬಂದು ಟ್ರಾನ್ಸ್-ಹಾರ್ಬರ್ ಲೋಕಲ್ ಹಿಡಿಯಬೇಕು. ಥಾಣೆ ಬಿಟ್ಟ ಮೇಲೆ ದಿಘಾ ಗಾಂವ್, ಆಮೇಲೆ ಐರೋಲಿ. ವಾಶಿ, ನೆರೂಲ್ ಕಡೆಯವರಿಗೆ ಅದೇ ಲೈನು ಎದುರು ದಿಕ್ಕಿನಿಂದ. ಸ್ಟೇಷನ್ನಿನಿಂದ ರಿಕ್ಷಾ ಹತ್ತಿ ಸೆಕ್ಟರ್ 10, ಫ್ಲೆಮಿಂಗೊ ಸೆಂಟರ್ ಅನ್ನಿ. ಐದು ವರ್ಷದೊಳಗಿನ ಮಕ್ಕಳಿಗೆ ಲೋಕಲ್‌ನಲ್ಲಿ ಟಿಕೆಟ್ ಬೇಡ. ಕಾರಿದ್ದವರು ಮುಲುಂಡಿನಿಂದ ಐರೋಲಿ ಸೇತುವೆ ಮೇಲೆ ಬರಬಹುದು. 2024ರ ಅಕ್ಟೋಬರಿನಿಂದ ಅಲ್ಲಿ ಕಾರಿಗೆ ಟೋಲ್ ಇಲ್ಲ. ಸೇತುವೆ ದಾಟುವಾಗ ಕೆಳಗೆ ಕಾಣುವುದೇ ಥಾಣೆ ಖಾಡಿ.

ದೋಣಿಯ ಗಂಟೆಗಿಂತ ಒಂದೂವರೆ ಗಂಟೆ ಮೊದಲೇ ತಲುಪಿ. ಒಳಗಿನ ಪ್ರದರ್ಶನ ನೋಡದೆ ನೇರ ದೋಣಿ ಹತ್ತಿದರೆ ಅರ್ಧ ಸೊಗಸು ಹೋಗುತ್ತದೆ. ಈ ಕೇಂದ್ರವನ್ನು 2017ರಲ್ಲಿ ತೆರೆದರು. ಮಹಾರಾಷ್ಟ್ರ ಅರಣ್ಯ ಇಲಾಖೆಯಲ್ಲಿ ಕಾಂಡ್ಲಾ ಕಾಡಿಗೆಂದೇ 2012ರಲ್ಲಿ ಪ್ರತ್ಯೇಕ ವಿಭಾಗ ಶುರುವಾಯಿತು, ಕೇಂದ್ರ ಅದರ ಕೆಳಗೆ ಬರುತ್ತದೆ. ಒಳಗಿನ ಚಿತ್ರ, ಮಾದರಿಗಳನ್ನೆಲ್ಲ ಓದಿ ಮುಗಿಸಲು ಹೋಗಬೇಡಿ. ಫ್ಲೆಮಿಂಗೊ ಮತ್ತು ಕೆಸರಿನ ಪ್ರಾಣಿಗಳ ಭಾಗ ನೋಡಿಕೊಂಡು ಕಾಂಡ್ಲಾ ಗಿಡಗಳ ನಡುವಿನ ಕಾಲುಹಾದಿಗೆ ಬನ್ನಿ. ಸಮಯ ಕಳೆಯಬೇಕಾದದ್ದು ಅಲ್ಲಿ.

ಉಡುಪಿ, ಕುಂದಾಪುರ, ಕಾರವಾರದ ಕಡೆಯವರಿಗೆ ಕಾಂಡ್ಲಾ ಹೊಸದಲ್ಲ, ಹೊಳೆ ಸಮುದ್ರ ಸೇರುವಲ್ಲೆಲ್ಲ ನೋಡಿರುತ್ತೀರಿ. ಧಾರವಾಡ, ಗದಗದ ಕಡೆಯಿಂದ ಬಂದ ಮಕ್ಕಳಿಗೆ ಇದು ಪೂರ್ತಿ ಹೊಸ ಲೋಕ. ಕೆಸರಿನಿಂದ ಪೆನ್ಸಿಲ್‌ನಷ್ಟು ದಪ್ಪದ ಕಡ್ಡಿಗಳು ನೂರಾರು ಮೇಲೆ ಮುಖ ಮಾಡಿ ನಿಂತಿರುತ್ತವೆ. ಯಾರೋ ನೆಟ್ಟ ಕಡ್ಡಿ ಅಂದುಕೊಳ್ಳುತ್ತಾರೆ. ಅವು ಬೇರುಗಳು. ಈ ಕೆಸರಿನ ಒಳಗೆ ಗಾಳಿಯೇ ಇಲ್ಲ, ಅದಕ್ಕೆ ಗಿಡ ಬೇರನ್ನು ಮೇಲಕ್ಕೆ ಕಳಿಸಿ ಉಸಿರಾಡುತ್ತದೆ. ನೀರು ಏರಿದಾಗ ಮುಳುಗುತ್ತವೆ, ಇಳಿದಾಗ ಮತ್ತೆ ಉಸಿರು.

ಆಮೇಲೆ ಎಲೆ. ಖಾಡಿಯಲ್ಲಿ ಜಾಸ್ತಿ ಇರುವ ಕಾಂಡ್ಲಾ ಜಾತಿ ಉಪ್ಪು ನೀರು ಕುಡಿದು, ಬೇಡದ ಉಪ್ಪನ್ನು ಎಲೆಯ ಮೂಲಕ ಹೊರಹಾಕುತ್ತದೆ. ಬಿಸಿಲು ಬಿದ್ದ ಮೇಲೆ ಒಂದು ಎಲೆಯನ್ನು ವಾರೆಯಾಗಿ ನೋಡಿ, ಸಣ್ಣ ಸಣ್ಣ ಹರಳು ಮಿನುಗುತ್ತವೆ. ಕೀಳಬೇಡಿ, ಬೆರಳಿನಿಂದ ಮೆಲ್ಲಗೆ ಸವರಿ. ಬೆರಳಿಗೆ ಪುಡಿಯಂತೆ ತಾಗುತ್ತದೆ. ನಾಲಿಗೆಗೆ ಇಟ್ಟರೆ ಅಡುಗೆಮನೆಯ ಉಪ್ಪೇ. ಪುಸ್ತಕದಲ್ಲಿ ಹತ್ತು ಸಾಲು ಓದಿದರೂ ಮರೆಯಬಹುದು, ಈ ಉಪ್ಪಿನ ರುಚಿ ಮರೆಯುವ ಮಗು ಇಲ್ಲ. ಆಮೇಲೆ ಕೈ ತೊಳೆಸಿ.

ನೀರು ಇನ್ನೂ ಪೂರ್ತಿ ಏರಿರದಿದ್ದರೆ ಕೆಳಗಿನ ಕೆಸರಿನಲ್ಲಿ ಒಂದೇ ಕೊಂಬು (ಇಕ್ಕಳದಂಥ ಮುಂಗಾಲು) ದೊಡ್ಡದಾದ ಏಡಿಗಳು ಕಾಣುತ್ತವೆ. ಗಂಡು ಏಡಿ ಆ ದೊಡ್ಡ ಕೊಂಬನ್ನು ಎತ್ತಿ ಇಳಿಸಿ ಎತ್ತಿ ಇಳಿಸಿ ಹೆಣ್ಣನ್ನು ಕರೆಯುತ್ತದೆ. ಕೆಸರಿನ ಮೇಲೆ ಕುಪ್ಪಳಿಸುವ ಉಬ್ಬುಗಣ್ಣಿನ ಮೀನೂ ಇರುತ್ತದೆ. ಮೈ ಒದ್ದೆ ಇರುವವರೆಗೂ ಚರ್ಮದಿಂದಲೇ ಉಸಿರಾಡಬಲ್ಲ ಮೀನು ಅದು. ಇವನ್ನು ನೋಡಬೇಕಾದರೆ ಎರಡು ನಿಮಿಷ ಅಲುಗಾಡದೆ ನಿಲ್ಲಬೇಕು. ನಿಂತ ಕೂಡಲೆ ಎಲ್ಲ ಬಿಲ ಸೇರಿರುತ್ತವೆ. ಸ್ವಲ್ಪ ಹೊತ್ತು ಬಿಟ್ಟು ಒಂದೊಂದಾಗಿ ಹೊರಗೆ ಬರುತ್ತವೆ.

ದೋಣಿಯಲ್ಲಿ

ಲೈಫ್ ಜಾಕೆಟ್ ಎಲ್ಲರಿಗೂ ಹಾಕಿಸಿ, ಮಕ್ಕಳದ್ದು ಅವರ ಅಳತೆಗೆ ಸರಿಯಾಗಿದೆಯೇ ಎಂದು ಪಟ್ಟಿ ಎಳೆದು ನೋಡಿ. ಹತ್ತುವಾಗ ಇಳಿಯುವಾಗ ದೋಣಿ ಅಲುಗಾಡುತ್ತದೆ. ಮೊಣಕಾಲು ನೋವಿರುವ ಅಜ್ಜ ಅಜ್ಜಿಗೆ ಒತ್ತಾಯ ಮಾಡಬೇಡಿ, ಕಾಲುಹಾದಿಯ ನೆರಳಿನಲ್ಲಿ ಜೊತೆಗೊಬ್ಬರು ಕೂರಲಿ.

ಥಾಣೆ ಖಾಡಿಯ 1,690 ಹೆಕ್ಟೇರನ್ನು 2015ರಲ್ಲಿ ಫ್ಲೆಮಿಂಗೊ ಅಭಯಾರಣ್ಯ ಎಂದು ಘೋಷಿಸಿದರು. 2022ರಲ್ಲಿ ಅದು ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು. ಒಂದು ಕಡೆ ಹೈಟೆನ್ಷನ್ ತಂತಿ, ಇನ್ನೊಂದು ಕಡೆ ಕಟ್ಟಡಗಳ ಸಾಲು, ನಡುವೆ ಸಾವಿರಗಟ್ಟಲೆ ಗುಲಾಬಿ ಹಕ್ಕಿ. ಇಂಥ ನೋಟ ದೇಶದ ಇನ್ಯಾವ ಮಹಾನಗರದಲ್ಲಿ ಸಿಗುತ್ತದೆ ಹೇಳಿ?

ಎರಡು ಜಾತಿಗಳಿವೆ. ಸಣ್ಣದಕ್ಕೆ ಬಣ್ಣ ಜಾಸ್ತಿ, ಕೊಕ್ಕು ಕಡುಗೆಂಪು. ದೊಡ್ಡದು ಎತ್ತರ, ಮೈ ಹೆಚ್ಚು ಬಿಳಿ, ಕೊಕ್ಕು ಗುಲಾಬಿ, ತುದಿ ಮಾತ್ರ ಕಪ್ಪು. ಇಲ್ಲಿ ಜಾಸ್ತಿ ಇರುವುದು ಸಣ್ಣದು. ಕೆಸರಿನ ಮೇಲೆ ಬೆಳೆಯುವ ನೀಲಿ-ಹಸಿರು ಪಾಚಿ ಅದರ ಮುಖ್ಯ ಆಹಾರ. ದುರ್ಬೀನಿನಲ್ಲಿ ತಲೆಯನ್ನೇ ನೋಡುತ್ತಿರಿ. ಕುತ್ತಿಗೆ ಕೆಳಗೆ ಬಗ್ಗಿಸಿ, ಕೊಕ್ಕನ್ನು ಮೇಲು ಕೆಳಗಾಗಿ ತಿರುಗಿಸಿ ನೀರಿನಲ್ಲಿ ಇಡುತ್ತದೆ. ನಾಲಿಗೆಯಿಂದ ನೀರನ್ನು ಒಳಗೆಳೆದು ಹೊರಗೆ ದೂಡುತ್ತದೆ, ಕೊಕ್ಕಿನ ಅಂಚಿನ ಜಾಲರಿಯಲ್ಲಿ ಪಾಚಿ ಉಳಿಯುತ್ತದೆ. ಮೈಯ ಗುಲಾಬಿ ಬಣ್ಣ ಬರುವುದೂ ಈ ಊಟದಿಂದಲೇ. ಗುಂಪಿನಲ್ಲಿ ಬೂದು ಬಣ್ಣದವು ಕಂಡರೆ ಅವು ಮರಿಗಳು, ಇನ್ನೂ ಬಣ್ಣ ಕೂಡಿಕೊಂಡಿಲ್ಲ.

ದೋಣಿಯ ಹೊತ್ತಿನ ವಿಷಯ ಹೇಳುತ್ತೇನೆ ಅಂದಿದ್ದೆನಲ್ಲ. ಹಕ್ಕಿಗಳು ತಿನ್ನುವುದು ಕೆಸರು ಬಯಲಿನಲ್ಲಿ. ನೀರು ಪೂರ್ತಿ ತುಂಬಿದರೆ ಬಯಲೇ ಮುಳುಗಿ, ಬಹಳಷ್ಟು ಹಕ್ಕಿಗಳು ಎದ್ದು ನೆರೂಲ್ ಕಡೆಯ ಕೆರೆಗಳಿಗೆ ಹೋಗಿ ಕೂರುತ್ತವೆ. ನೀರು ಇಲ್ಲವೇ ಇಲ್ಲ ಅಂದರೆ ದೋಣಿ ಕೆಸರಿಗೆ ಕೂರುತ್ತದೆ. ದೋಣಿ ತೇಲಬೇಕು, ಕೆಸರೂ ಸ್ವಲ್ಪ ಕಾಣಬೇಕು. ಅದಕ್ಕೇ ಉಬ್ಬರಕ್ಕೆ ಸ್ವಲ್ಪ ಮೊದಲು ಅಥವಾ ಸ್ವಲ್ಪ ನಂತರದ ಸವಾರಿ ಒಳ್ಳೆಯದು. ಖಾಡಿಯ ಒಳಗೆ ಉಬ್ಬರ ಹೊರಗಿನ ದಂಡೆಗಿಂತ ತಡವಾಗಿ ಬರುತ್ತದೆ ಅನ್ನುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಒಂದು ಮಾತು ಕಳಕಳಿಯಿಂದ ಹೇಳಬೇಕು. ಹಕ್ಕಿಗಳು ಒಟ್ಟಿಗೆ ಹಾರುವ ಫೋಟೊ ಬೇಕೆಂದು ದೋಣಿಯವರಿಗೆ ಹತ್ತಿರ ಬಿಡಿ ಎಂದು ಒತ್ತಾಯ ಮಾಡಬೇಡಿ. ಕೂಗಬೇಡಿ, ಚಪ್ಪಾಳೆ ತಟ್ಟಬೇಡಿ. ಗಾಬರಿಯಿಂದ ಹಾರಿದ ಪ್ರತಿ ಸಲವೂ ಅವುಗಳ ಊಟದ ಹೊತ್ತು ಕಡಿಮೆಯಾಗುತ್ತದೆ, ಮೈಯ ಶಕ್ತಿ ಖರ್ಚಾಗುತ್ತದೆ. ಕಡಲಹಕ್ಕಿಗಳಿಗೆ ಸೇವ್, ಗಾಠಿಯಾ ಎರಚುವ ಅಭ್ಯಾಸ ಮುಂಬಯಿಯಲ್ಲಿ ತುಂಬಾ ಇದೆ, ಅದೂ ಬೇಡ. ಎಣ್ಣೆಯಲ್ಲಿ ಕರಿದ ಉಪ್ಪು ಖಾರ ಅವುಗಳ ಹೊಟ್ಟೆಗಲ್ಲ. ಮಕ್ಕಳಿಗೆ ಮೊದಲೇ ಹೇಳಿದರೆ ಅವರೇ ಬೇರೆಯವರನ್ನೂ ತಡೆಯುತ್ತಾರೆ.

ಮಧ್ಯಾಹ್ನ

ದೋಣಿ ಇಳಿದ ಮೇಲೆ ಕೇಂದ್ರದಲ್ಲೇ ಶೌಚಾಲಯಕ್ಕೆ ಹೋಗಿ ಬಂದುಬಿಡಿ, ಮುಂದೆ ಸಿಗುವವು ಅಷ್ಟು ಚೊಕ್ಕಟ ಇರಲಿಕ್ಕಿಲ್ಲ. ಊಟ ಮುಗಿಸಿ ಎರಡು ಗಂಟೆಗೆ ಹೊರಟರೆ ಸರಿ. ಐರೋಲಿಯಿಂದ ಥಾಣೆ, ಥಾಣೆಯಿಂದ ಸೆಂಟ್ರಲ್ ಲೈನಿನಲ್ಲಿ ಘಾಟ್‌ಕೋಪರ್, ಅಲ್ಲಿಂದ ಮೆಟ್ರೊ. ಅಂಧೇರಿಯಲ್ಲಿ ಇಳಿಯದೆ ಡಿ. ಎನ್. ನಗರದವರೆಗೆ ಹೋಗಿ ಅಲ್ಲಿ ರಿಕ್ಷಾ ಹಿಡಿಯಿರಿ. ಅಂಧೇರಿ ಸ್ಟೇಷನ್ನಿನ ಹೊರಗಿನ ನೂಕುನುಗ್ಗಲು ತಪ್ಪುತ್ತದೆ. ಮೆಟ್ರೊದ ತಂಪಿನಲ್ಲಿ ಚಿಕ್ಕವರು ಒಂದು ನಿದ್ದೆ ತೆಗೆಯುತ್ತಾರೆ, ಸಂಜೆಗೆ ಅದು ಬೇಕು. ಕಾರಿನವರಿಗೆ ಜೋಗೇಶ್ವರಿ-ವಿಖ್ರೋಲಿ ಲಿಂಕ್ ರಸ್ತೆ ಇದೆ, ಆದರೆ ಭಾನುವಾರ ಸಂಜೆ ಜುಹೂನಲ್ಲಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದರಲ್ಲೇ ನೀರು ಇಳಿದು ಮತ್ತೆ ಏರಲು ಶುರುವಾಗಬಹುದು. ನಾನಂತೂ ರೈಲಿಗೇ ಹೇಳುತ್ತೇನೆ.

ಜುಹೂ: ನೀರಿನ ಹಿಂದೆ ನಡೆಯಿರಿ

ಇಳಿತದ ಗಂಟೆಗಿಂತ ಒಂದೂವರೆ ಗಂಟೆ ಮೊದಲು ಮರಳಿನ ಮೇಲಿರಬೇಕು. ನೀರು ಹಿಂದೆ ಸರಿಯುತ್ತಾ ಹೋಗುತ್ತದೆ, ಅದರ ಹಿಂದೆಯೇ ನಾವು. ಪೂರ್ತಿ ಇಳಿದ ಹೊತ್ತಿಗೆ ವಾಪಸ್ ತಿರುಗಬೇಕು. ಈ ಕ್ರಮ ಇಟ್ಟುಕೊಂಡರೆ ಏರುವ ನೀರು ಹಿಂದಿನಿಂದ ಬಂದು ಸುತ್ತುವರಿಯುವ ಭಯ ಇಲ್ಲ. ಫೋನಿನಲ್ಲಿ ಇಳಿತದ ಗಂಟೆಗೆ ಅಲಾರಾಂ ಇಟ್ಟುಬಿಡಿ.

ತಿಂಡಿ ಅಂಗಡಿಗಳ ಮುಂದಿನ ಜನಜಂಗುಳಿ ಬಿಟ್ಟು ಹತ್ತು ನಿಮಿಷ ನಡೆದರೆ ಸಾಕು, ಮರಳು ಚೊಕ್ಕಟವಾಗುತ್ತದೆ. ನಾಲೆ ಬಂದು ಸಮುದ್ರ ಸೇರುವ ಕಡೆ ಹೋಗಬೇಡಿ, ಅದು ಊರಿನ ಕೊಳಚೆ ನೀರು.

ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ಸ್ವಲ್ಪ ದೊಡ್ಡ ಮರಳಿನ ಉಂಡೆಗಳು ಹರಡಿರುವುದು ಕಾಣುತ್ತದೆ. ಯಾರೋ ಕುಳಿತು ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಒಂದು ಸಣ್ಣ ತೂತಿನ ಸುತ್ತ ಸಾಲುಸಾಲಾಗಿ. ಅದರ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಉಸಿರು ಬಿಗಿ ಹಿಡಿಯಿರಿ. ನಿಮ್ಮ ನೆರಳು ತೂತಿನ ಮೇಲೆ ಬೀಳಬಾರದು. ಸ್ವಲ್ಪ ಹೊತ್ತಿಗೆ ಉಗುರಿನಷ್ಟೂ ಇಲ್ಲದ ಮರಳು ಬಣ್ಣದ ಏಡಿ ಮೇಲೆ ಬರುತ್ತದೆ. ಎರಡು ಕೊಂಬಿನಿಂದಲೂ ಮರಳು ಬಾಚಿ ಬಾಯಿಗೆ ತುಂಬುತ್ತದೆ, ಅದಕ್ಕೆ ಅಂಟಿದ ಕಣ್ಣಿಗೆ ಕಾಣದ ಆಹಾರವನ್ನು ಸೋಸಿಕೊಂಡು, ಉಳಿದ ಮರಳನ್ನು ಉಂಡೆ ಮಾಡಿ ಕಾಲಿನಿಂದ ಹಿಂದೆ ತಳ್ಳುತ್ತದೆ. ಮುಂದಕ್ಕೆ ಒಂದು ಹೆಜ್ಜೆ, ಇನ್ನೊಂದು ಉಂಡೆ. ಬಿಲದಿಂದ ನೇರ ಗೆರೆಯಲ್ಲಿ ಹೋಗುತ್ತದೆ, ಅಪಾಯ ಬಂದರೆ ಅದೇ ಗೆರೆಯಲ್ಲಿ ಓಡಿ ವಾಪಸ್ ಬರಬೇಕಲ್ಲ. ಭೂತಗನ್ನಡಿ ತನ್ನಿ ಅಂದದ್ದು ಇದಕ್ಕೆ. ನೀರು ಏರಿದಾಗ ಈ ಚುಕ್ಕಿಗಳೆಲ್ಲ ಅಳಿಸಿಹೋಗುತ್ತವೆ, ಮುಂದಿನ ಇಳಿತಕ್ಕೆ ಏಡಿ ಮತ್ತೆ ಮೊದಲಿನಿಂದ ಶುರು. ಬೇರೇನೂ ಸಿಗದಿದ್ದರೂ ಇದೊಂದನ್ನು ನೋಡಲೇಬೇಕು.

ನಿಂತ ನೀರಿನ ಹೊಂಡಗಳಲ್ಲಿ ಬಸವನಹುಳುವಿನ ಚಿಪ್ಪು ಸಿಕ್ಕಾಪಟ್ಟೆ ಜೋರಾಗಿ ಓಡಿದರೆ ಅದು ಬಸವನಹುಳು ಅಲ್ಲ, ಒಳಗೆ ಸನ್ಯಾಸಿ ಏಡಿ ಇದೆ. ಬೇರೆಯವರು ಬಿಟ್ಟುಹೋದ ಚಿಪ್ಪಿನಲ್ಲಿ ಸಂಸಾರ ಮಾಡುವ ಪ್ರಾಣಿ. ಬೆಳೆದ ಹಾಗೆ ದೊಡ್ಡ ಮನೆ ಹುಡುಕಬೇಕು. ಅದಕ್ಕೇ ಖಾಲಿ ಚಿಪ್ಪುಗಳನ್ನು ಚೀಲ ತುಂಬ ಮನೆಗೆ ತರಬೇಡಿ, ನೋಡಿ, ಫೋಟೊ ತೆಗೆದು ಅಲ್ಲೇ ಬಿಡಿ. ಜೀವ ಇರುವುದನ್ನು ಮುಟ್ಟಲೇಬಾರದು. ಹವಳ ಮತ್ತು ಕೆಲವು ಜಾತಿಯ ಶಂಖಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಶಂಕುವಿನಾಕಾರದ ಚಂದದ ಚಿಪ್ಪಿನ ಒಳಗೆ ವಿಷದ ಮುಳ್ಳಿರುವ ಪ್ರಾಣಿಯೂ ಇರಬಹುದು.

ಬಂಡೆಗಳ ನಡುವಿನ ಹೊಂಡ ನೋಡಬೇಕೆಂಬ ಆಸೆ ಇದ್ದವರು ಸ್ವಂತವಾಗಿ ಹೋಗಬೇಡಿ. ಪಾಚಿ ಹಿಡಿದ ಬಂಡೆ ಜಾರುತ್ತದೆ, ಅಂಟಿಕೊಂಡ ಚಿಪ್ಪುಗಳು ಬ್ಲೇಡಿನಂತೆ ಕೊಯ್ಯುತ್ತವೆ. ಮೆರೈನ್ ಲೈಫ್ ಆಫ್ ಮುಂಬಯಿ ಎಂಬ ತಂಡ 2017ರಿಂದ ನಗರದ ದಂಡೆಗಳಲ್ಲಿ ಇಳಿತದ ಹೊತ್ತಿಗೆ ಜನರನ್ನು ಕರೆದುಕೊಂಡು ಹೋಗಿ ತೋರಿಸುವ ಕೆಲಸ ಮಾಡುತ್ತಿದೆ. ಅವರ ನಡಿಗೆಗೆ ಇನ್ನೊಂದು ದಿನ ಇಟ್ಟುಕೊಳ್ಳಿ.

ನೀರಿಗೆ ಇಳಿಯುವ ವಿಷಯದಲ್ಲಿ ನಾನು ಕಟ್ಟುನಿಟ್ಟು. ಮಕ್ಕಳಿಗೆ ಪಾದ ಮುಳುಗುವಷ್ಟೇ, ದೊಡ್ಡವರೊಬ್ಬರು ಸಮುದ್ರಕ್ಕೆ ಬೆನ್ನು ಹಾಕದೆ ಜೊತೆಗೆ ನಿಂತಿರಬೇಕು. ಆಳವಿಲ್ಲದ ನೀರಿನಲ್ಲಿ ಬಾಲದಲ್ಲಿ ವಿಷದ ಮುಳ್ಳಿರುವ ತೊರಕೆ ಮೀನು ಮರಳಿನಲ್ಲಿ ಹುದುಗಿರಬಹುದು. ಹೆಜ್ಜೆ ಎತ್ತಿ ಇಡದೆ ಪಾದವನ್ನು ಮರಳಿನ ಮೇಲೆ ಜಾರಿಸುತ್ತಾ ನಡೆದರೆ ಅದು ದೂರ ಸರಿಯುತ್ತದೆ. ಮುಳ್ಳು ಚುಚ್ಚಿದರೆ ತಡೆದುಕೊಳ್ಳುವಷ್ಟು ಬಿಸಿಯಾದ ನೀರಿನಲ್ಲಿ ಕಾಲು ಇಡಿಸಿ, ತಡ ಮಾಡದೆ ಆಸ್ಪತ್ರೆಗೆ ಹೋಗಿ. ಮಳೆಗಾಲದಲ್ಲಿ ಜುಹೂ ದಂಡೆಗೆ ನೀಲಿ ಬಲೂನಿನಂಥ, ಉದ್ದ ದಾರ ಇಳಿಬಿಟ್ಟ ಪ್ರಾಣಿಗಳು ಬಂದು ಬೀಳುತ್ತವೆ. ಬ್ಲೂ ಬಾಟಲ್ ಅನ್ನುತ್ತಾರೆ. ಸತ್ತು ಬಿದ್ದಿದ್ದರೂ ದಾರ ಕುಟುಕುತ್ತದೆ, ಮುಟ್ಟಲು ಬಿಡಬೇಡಿ.

ಅಲಾರಾಂ ಹೊಡೆದ ಮೇಲೆ ವಾಪಸ್. ಸೂರ್ಯ ಮುಳುಗುವುದನ್ನು ನೋಡಿಕೊಂಡು, ಕೈಕಾಲು ಚೆನ್ನ ತೊಳೆದು, ಆಮೇಲೆ ಭೇಲ್, ಗೋಳಾ, ಕಟಿಂಗ್ ಚಹಾ. ಚಿಕ್ಕ ಮಕ್ಕಳಿಗೆ ಐಸ್ ಗೋಳಾ ಬದಲು ಬಿಸಿ ಬಿಸಿ ಸುಟ್ಟ ಜೋಳ ಕೊಡಿಸುವುದು ಒಳ್ಳೆಯದು.

ತಿಥಿ ಹೊಂದದ ಭಾನುವಾರ

ನೆಂಟರು ಇರುವುದು ಒಂದೇ ವಾರ, ಆ ಭಾನುವಾರ ಅಷ್ಟಮಿ. ಏನು ಮಾಡುವುದು? ಆಗ ಐರೋಲಿಯ ಹಟ ಬಿಡಿ. ಬಾಂದ್ರಾ-ಸಾಯನ್ ಲಿಂಕ್ ರಸ್ತೆಯಲ್ಲಿ, ಧಾರಾವಿ ಬಸ್ ಡಿಪೊ ಎದುರಿಗೆ ಮಹಾರಾಷ್ಟ್ರ ನೇಚರ್ ಪಾರ್ಕ್ ಇದೆ. ಬೆಳಿಗ್ಗೆ ತೆರೆದ ಕೂಡಲೆ ಅಲ್ಲಿಗೆ ಹೋಗಿ. ಒಂದು ಕಾಲಕ್ಕೆ ಆ ಜಾಗ ಊರಿನ ಕಸ ಸುರಿಯುವ ತಿಪ್ಪೆಯಾಗಿತ್ತು. ಪಕ್ಷಿತಜ್ಞ ಸಾಲಿಂ ಅಲಿ ಅಲ್ಲಿ ಗಿಡ ನೆಟ್ಟಿದ್ದರು. 1994ರಲ್ಲಿ ಸಾರ್ವಜನಿಕರಿಗೆ ತೆರೆದುಕೊಂಡಿತು. ಈಗ ಸುಮಾರು 37 ಎಕರೆಯ ಕಾಡು, ಪಕ್ಕದಲ್ಲೇ ಮಿಠಿ ನದಿ ಮತ್ತು ಅದರ ಕಾಂಡ್ಲಾ. ದಾರಿ ಸಮತಟ್ಟು, ನೆರಳು ದಟ್ಟ, ಅಜ್ಜ ಅಜ್ಜಿಯರಿಗೆ ಐರೋಲಿಗಿಂತ ಇದೇ ಹಿತ. ಚಿಟ್ಟೆ ನೋಡಬೇಕಾದರೆ ಮಳೆ ಮುಗಿಯುತ್ತಿರುವ ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯದು.

ಅಲ್ಲಿಂದ ಮಾಟುಂಗ ತುಂಬಾ ಹತ್ತಿರ. ಸ್ಟೇಷನ್ ಪಕ್ಕದಲ್ಲಿ 1942ರಿಂದ ನಡೆಯುತ್ತಿರುವ ರಾಮ ನಾಯಕರ ಉಡುಪಿ ಬೋರ್ಡಿಂಗ್‌ನಲ್ಲಿ ಬಾಳೆಎಲೆ ಊಟ ಮಾಡಿಸಿ. ಭಾನುವಾರ ಸರತಿ ಉದ್ದ ಇರುತ್ತದೆ, ಹನ್ನೆರಡರೊಳಗೆ ಹೋದರೆ ಬೇಗ ಎಲೆ ಸಿಗುತ್ತದೆ. ಸಂಜೆಗೆ ದಾದರ್ ಚೌಪಾಟಿ ಬೇಡ. ಅಷ್ಟಮಿಯ ಸಂಜೆ ಆರಕ್ಕೆ ಉಬ್ಬರದ ಹೊತ್ತು, ನಡೆಯಲು ಮರಳು ಜಾಸ್ತಿ ಉಳಿದಿರುವುದಿಲ್ಲ. ಟ್ಯಾಕ್ಸಿ ಹಿಡಿದು ವರ್ಲಿ ಸೀ ಫೇಸಿಗೆ ಹೋಗಿ, ಕಟ್ಟೆಯ ಮೇಲೆ ಕೂತರೆ ತುಂಬಿದ ಸಮುದ್ರ ಎದುರಿಗೇ ಇರುತ್ತದೆ.